ಪಾಯಿಂಟಿನಾಚೆಯ ಐದು

ತಿಕೋಟಾದ ಶಂಕ್ರೆವ್ವ ಸೂಜಿಗೆ ದಾರ ಪೋಣಿಸಿದಳೆಂದರೆ ಆ ಸುದ್ದಿ ಕನಮಡಿ ದಾಟಿ ಜತ್ತಿನ ಸಂಸ್ಥಾನದವರೆಗೆ ಹೋಗಿ ಮುಟ್ಟುತ್ತಿತ್ತು. ಅವಳು ಹೊಲಿದ ಕೌದಿ ಹೊದ್ದು ಮಲಗಿದವರನ್ನು ಎಬ್ಬಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಎಬ್ಬಿಸಲು ಹೋದವರೂ ಅದರ ಅಂಚಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಇದು ಕಡಿಮೆ ಮಾಡಿ ಹೇಳಿದ ಮಾತು. ಪೂರ್ತಿ ಹೇಳಿದರೆ ಯಾರೂ ನಂಬಲಾರರು.

ಅಂಥ ಶಂಕ್ರೆವ್ವನ ತೊಡೆಯ ಮೇಲೆ ಆ ದಿನ ಒಂದು ಹಸಿರು ಖಣ ಮಲಗಿತ್ತು. ಒಂದೇ ಒಂದು ಖಣ, ಒಂದೇ ಕುಪ್ಪಸಕ್ಕಾಗುವಷ್ಟು. ದೊಡ್ಡ ಯುದ್ಧದ ಕಾಲ. ಬಟ್ಟೆಗೂ ರೇಶನ್ ಬಂದಿತ್ತು. ವಿಜಾಪುರದ ಪೇಟೆಯನ್ನು ತಲೆಕೆಳಗು ಮಾಡಿ ಜಾಡಿಸಿದರೂ ಇನ್ನೊಂದು ಹಸಿರು ಖಣ ಉದುರುವಂತಿರಲಿಲ್ಲ.

ಮಗಳು ರೇಣುಕವ್ವ ಬಬಲೇಶ್ವರದ ಗಂಡನ ಮನೆಯಲ್ಲಿ ಏಳು ತಿಂಗಳ ಬಸುರಿ. ಬರುವ ಶುಕ್ರವಾರ ಅಲ್ಲಿ ಕುಬಸದ ಕಾರ್ಯ. ತಾಯಿ ಹೊಲಿದು ತಂದ ಹಸಿರು ಕುಪ್ಪಸವನ್ನು ಬಸುರಿಗೆ ತೊಡಿಸಿ, ಉಡಿ ತುಂಬಿ, ಆರತಿ ಎತ್ತುವುದು ಪದ್ಧತಿ. ತೋಳು ಬಿಗಿಯಾದರೆ ಮಗಳು ನೋಯಬೇಕು, ಬೀಗರ ಮನೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗಬೇಕು. ಶಂಕ್ರೆವ್ವನ ನಿದ್ದೆ ಹಾರಿದ್ದು ಅದಕ್ಕೇ.

ಅಳತೆ ಹೇಳಲೆಂದು ಅಳಿಯ ರಾಯಪ್ಪ ಬೆಳಿಗ್ಗೆಯೇ ಬಂದಿದ್ದ. ಅವನು ಬಬಲೇಶ್ವರದಲ್ಲಿ ಸಾಲಿ ಮಾಸ್ತರ. ಮಕ್ಕಳಿಗೆ ದಶಾಂಶ ಕಲಿಸಿ ಕಲಿಸಿ ಅವನಿಗೆ ಬರೀ ಮಾತು ರುಚಿಸದಂತಾಗಿತ್ತು, ನಡುವೆ ಒಂದು ಪಾಯಿಂಟ್ ಬಿದ್ದರೇ ಸಮಾಧಾನ.

"ಅತ್ತೀ, ರೇಣುಕಾನ ತೋಳಿಗೆ ದಾರ ಸುತ್ತಿ ಫೂಟಪಟ್ಟಿ ಮ್ಯಾಲ ಇಟ್ಟು ನೋಡೇನ್ರಿ. ಹತ್ತು ಪಾಯಿಂಟ್ ಐದು ಇಂಚು ಬಂತು."

"ಆತು ಬಿಡ್ರಿ. ಊಟಕ್ಕ ಏಳ್ರಿ. ಎಷ್ಟು ರೊಟ್ಟಿ ಹಾಕ್ಲಿ?"

"ಒಂದು ಪಾಯಿಂಟ್ ಐದು ಸಾಕ್ರಿ."

ಅವಳು ತಟ್ಟೆಗೆ ಹಾಕಿದ್ದನ್ನು ಅಳಿಯ ಕಣ್ಣು ಅಗಲಿಸಿ ನೋಡಿದ. ಬೆವರಿದ. ಅತ್ತೆಯ ಮಾತಿಗೆ ಅಂಜಿ ಅಷ್ಟನ್ನೂ ನುಂಗಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು, ಸಾಲಿಗೆ ಬೇಕಾದ ಸಾಮಾನು ತರಲು ವಿಜಾಪುರಕ್ಕೆ ಹೊರಟಿದ್ದ ಇದ್ದಿಲ ಗ್ಯಾಸಿನ ಬಸ್ಸು ಹತ್ತಿದ. ಬಸ್ಸು ತೊರವಿ ದಾಟುವವರೆಗೂ ಅವನು ಕುಳಿತ ಮಗ್ಗುಲಿಗೇ ವಾಲಿಕೊಂಡು ಹೋಯಿತಂತೆ.

ಇತ್ತ ಶಂಕ್ರೆವ್ವ ಕತ್ತರಿ ಹಿಡಿದು ಕುಳಿತವಳು ಗಕ್ಕನೆ ನಿಂತಳು. ಓದು ಬರಹ ಬಾರದಿದ್ದರೂ ಅವಳ ನೆನಪು ಕಲ್ಲಿನಲ್ಲಿ ಕೆತ್ತಿದಂತೆ. ಹೋದ ಪಂಚಮಿಗೆ ಮಗಳು ತವರಿಗೆ ಬಂದಾಗ ಇದೇ ಅಳಿಯ ಇದೇ ತೋಳನ್ನು ಅಳೆದಿದ್ದ. ಆಗ ಅವನು ಹೇಳಿದ್ದು ಹತ್ತು ಪಾಯಿಂಟ್ ಇಪ್ಪತ್ತೈದು. ಆಗ ಇಪ್ಪತ್ತೈದು, ಈಗ ಐದು!

"ಅಯ್ಯೋ ನನ್ನ ಕೂಸ!" ಎಂದು ಅವಳು ಚೀರಿದ್ದಕ್ಕೆ ಹಿತ್ತಿಲ ಬೇವಿನ ಮರದ ಎಲೆಗಳು ಅರ್ಧಕ್ಕರ್ಧ ಉದುರಿದವು.

ಗಂಡ ಬಸಗೊಂಡಪ್ಪ ಕೊಟ್ಟಿಗೆಯಿಂದ ಓಡಿ ಬಂದ. "ಏನಾತು? ಹಾವು ಬಂತೇನ?"

"ಹಾವಲ್ರಿ, ಬೀಗರು! ಪಂಚಮಿಗೆ ಇಪ್ಪತ್ತೈದು ಇದ್ದ ತೋಳು ಈಗ ಐದಕ್ಕ ಇಳದೈತಿ. ಬಸರ ಹೆಣಮಗಳಿಗೆ ಹೊಟ್ಟಿತುಂಬ ಕೂಳು ಹಾಕವಲ್ರು!"

ಬಸಗೊಂಡಪ್ಪ ಸಾಧು ಮನುಷ್ಯ, ಇರುವೆ ಅಡ್ಡ ಬಂದರೂ ದಾರಿ ಬಿಟ್ಟು ನಡೆಯುವವ. ಆದರೆ ಮಗಳ ಹೊಟ್ಟೆಯ ಮಾತು ಬಂದಾಗ ಅವನು ಮೀಸೆ ತಿರುವಿದ ಸಪ್ಪಳಕ್ಕೆ ಅತ್ತ ಗೋಳಗುಮ್ಮಟದ ಪಾರಿವಾಳಗಳು ಎದ್ದು ಹಾರಿದವು.

"ಬಂಡಿ ಹೂಡತೀನಿ. ಇವತ್ತಿಗೆ ಬೀಗತನ ಮುಗೀತು ಅಂತ ತಿಳಿ. ಮಗಳನ್ನ ಕರಕೊಂಡು ಬರತೀನಿ. ಕಾರ್ಯನೂ ಬ್ಯಾಡ, ಆರತಿನೂ ಬ್ಯಾಡ!"

"ತಡೀರಿ. ಎತ್ತಿಗೆ ನೀರು ಕುಡಿಸೂದ್ರಾಗ ಸಣ್ಣ ತೋಳಿನ ಕುಪ್ಪಸ ಕತ್ತರಿಸಿ ಕೊಡತೀನಿ. ಅವರ ಮುಂದನ ತೊಡಸ್ರಿ. ಹೆಂಗ ಬಡಕಲಾಗ್ಯಾಳ ಅಂತ ನಾಕ ಮಂದಿ ನೋಡ್ಲಿ."

ಆ ಚೀರಾಟಕ್ಕೆ ಪಕ್ಕದ ಮನೆಯ ಆಶಾಬಿ ಗೋಡೆಯ ಸಂದಿಯಿಂದ ನುಸುಳಿ ಬಂದಳು. ಅವಳ ತವರು ಗೋಳಗುಮ್ಮಟದ ನೆರಳಿನಲ್ಲಿ. ಅಲ್ಲಿ ನಾಲ್ಕನೆಯ ಇಯತ್ತೆ ಓದಿ ಬಂದವಳು, ಮನೆಯಲ್ಲಿ ಹೊಲಿಗೆ ಮಶೀನು ಇಟ್ಟುಕೊಂಡವಳು.

"ಅಕ್ಕಾ, ಮೊದ್ಲ ಕತ್ತರಿ ಕೆಳಗ ಇಡು. ಆಮ್ಯಾಲ ಅಳು. ಏನಂದ ಅಳಿಯ?"

ಶಂಕ್ರೆವ್ವ ಎರಡೂ ಅಳತೆ ಹೇಳಿದಳು. ಆಶಾಬಿ ಸೆರಗು ಬಾಯಿಗೆ ಹಿಡಿದಳು, ಆದರೂ ನಗೆ ಹೊರಗೆ ಬಂದೇಬಿಟ್ಟಿತು.

"ತೋಳು ಇಳದಿಲ್ಲ ಅಕ್ಕಾ, ಏರೈತಿ. ಪಾಯಿಂಟ್ ಐದು ದೊಡ್ಡದು, ಪಾಯಿಂಟ್ ಇಪ್ಪತ್ತೈದು ಸಣ್ಣದು."

"ಏನಂದಿ? ಇಪ್ಪತ್ತೈದಕ್ಕಿಂತ ಐದು ದೊಡ್ಡದೇನ? ಬಟ್ಟಿಗೆ ರೇಶನ್ ಬಂತು, ಸಕ್ಕರಿಗೆ ಬಂತು, ಈಗ ಅಂಕಿಗೂ ಬಂತೇನ ಬೇ?"

"ಪಾಯಿಂಟ್ ದಾಟಿದ ಮ್ಯಾಲ ಇರೋದು ಪಾಲು ಅಕ್ಕಾ, ಇಡೀದಲ್ಲ. ಒಂದು ರೊಟ್ಟಿ ಅನ್ಕೋ. ಹತ್ತು ಸಮ ಪಾಲು ಮಾಡಿ ಐದು ತಗೊಂಡ್ರ ಪಾಯಿಂಟ್ ಐದು. ಅಂದ್ರ ಅರ್ಧ ರೊಟ್ಟಿ. ಅದ ರೊಟ್ಟಿ ನೂರು ಚೂರು ಮಾಡಿ ಇಪ್ಪತ್ತೈದು ಚೂರು ತಗೊಂಡ್ರ ಪಾಯಿಂಟ್ ಇಪ್ಪತ್ತೈದು. ಅಂದ್ರ ಕಾಲು ರೊಟ್ಟಿ."

"ಇಪ್ಪತ್ತೈದು ತಿಂದಾಕಿ ಹಸದಾಳ, ಐದು ತಿಂದಾಕಿ ತೇಗ್ಯಾಳ! ಇಂಥಾ ಲೆಕ್ಕ ಕಲಿಸಿದ ಮಾಸ್ತರನ್ನ ನನ್ನ ಮುಂದ ತಂದು ನಿಲ್ಲಸು, ಕೇಳತೀನಿ."

"ಮಾಸ್ತರ ಬೆಳಿಗ್ಗೆ ನಿನ್ನ ಮುಂದನ ಕುಂತು ಉಂಡಾನಲ್ಲ. ಎಷ್ಟು ರೊಟ್ಟಿ ಕೇಳಿದ?"

"ಒಂದು ಪಾಯಿಂಟ್ ಐದು."

"ನೀ ಎಷ್ಟು ಹಾಕಿದಿ?"

"ಒಂದು, ಅದರ ಮ್ಯಾಲ ಐದು. ಒಟ್ಟು ಆರು."

"ಯಾ ಅಲ್ಲಾ! ಅಂವ ಕೇಳಿದ್ದು ಒಂದೂವರಿ!"

ಶಂಕ್ರೆವ್ವ ಖಾಲಿಯಾದ ರೊಟ್ಟಿ ಬುಟ್ಟಿಯತ್ತ ನೋಡಿದಳು. ಅಳಿಯನ ಬೆವರಿದ ಹಣೆ, ಪ್ರತಿ ತುತ್ತಿಗೂ ಮೇಲಕ್ಕೇರಿದ ಕಣ್ಣು ಈಗ ನೆನಪಾದವು. ಆದರೂ ಅಳಿಯನ ಹೊಟ್ಟೆ ಬೇರೆ, ಮಗಳ ತೋಳು ಬೇರೆ. "ಕಣ್ಣೀಲೆ ತೋರಸು. ಬರೇ ಬಾಯಿಮಾತು ನಾ ನಂಬೂದಿಲ್ಲ" ಎಂದಳು. ಆಶಾಬಿ ಫೂಟಪಟ್ಟಿ ತರಲು ಮನೆಗೆ ಹೋದಳು.

ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ಹಾಲಿನಂತೆ ನಿಂತಿತ್ತು. ಅತ್ತು ಅತ್ತು ದಣಿದ ಶಂಕ್ರೆವ್ವ ಗೋಡೆಗೆ ಒರಗಿದಳು. ರೆಪ್ಪೆ ಕೂಡಿದವು.

ತೊಡೆಯ ಮೇಲಿನ ಖಣ ಮೆಲ್ಲಗೆ ನೆಲಕ್ಕಿಳಿದು ಹರಡುತ್ತ ಹೋಯಿತು. ಅಂಗಳ ತುಂಬಿತು, ಊರು ದಾಟಿತು, ಬಬಲೇಶ್ವರದವರೆಗೆ ಒಂದೇ ಹಸಿರು ಜೋಳದ ಹೊಲವಾಗಿ ತೂಗಿತು. ಅದರ ಅಂಚಿನಿಂದ ಒಂದು ರೊಟ್ಟಿ ಮೂಡಿಬಂತು. ಗೋಳಗುಮ್ಮಟಕ್ಕೆ ಮುಚ್ಚಳ ಹಾಕಿದರೂ ಸುತ್ತ ಇಳಿಬೀಳುವಷ್ಟು ದೊಡ್ಡದು, ಹುಣ್ಣಿಮೆಯಷ್ಟು ಬಿಳಿದು. ಯಾರೂ ಮುಟ್ಟದೆ ಅದು ತಾನಾಗಿ ಹತ್ತು ಪಾಲಾಯಿತು. ಒಂದೊಂದು ಪಾಲೂ ಮಾಳಿಗೆಯಷ್ಟು ಅಗಲ. ಹಿಂದೆಯೇ ಅಂಥದ್ದೇ ಇನ್ನೊಂದು ರೊಟ್ಟಿ ಮೂಡಿ ನೂರು ಚೂರಾಗಿ ಒಡೆಯಿತು. ಆ ಚೂರುಗಳು ಗಾಳಿಗೆ ಬೇವಿನ ಹೂವಿನಂತೆ ತೇಲಿದವು.

ಹೊಲದ ನಡುವೆ ರೇಣುಕವ್ವ ಸೆರಗೊಡ್ಡಿ ನಿಂತಿದ್ದಳು. ತೇಲುವ ಚೂರುಗಳು ಇಪ್ಪತ್ತೈದು ಬಂದು ಬಿದ್ದವು. ಸೆರಗಿನ ಒಂದು ಮೂಲೆ ಮಾತ್ರ ತುಂಬಿತು. "ಇಷ್ಟನೇನ ಯವ್ವಾ?" ಎಂದಳು. ಆಮೇಲೆ ದೊಡ್ಡ ಪಾಲುಗಳು ಇಳಿದವು, ಐದೇ ಐದು. ಸೆರಗು ಜಗ್ಗಿ ನೆಲ ಮುಟ್ಟಿತು. ರೇಣುಕವ್ವ ನಕ್ಕಳು. ನಗುವಾಗ ಅವಳ ಕೈಯ ಹಸಿರು ಬಳೆಗಳು ಮೇಲಕ್ಕೆ ಸರಿದು, ತುಂಬಿದ ತೋಳಿಗೆ ತಾಗಿ, ಸುಮ್ಮನೆ ನಿಂತವು.

"ಅಕ್ಕಾ, ಏಳು" ಎಂದು ಆಶಾಬಿ ಭುಜ ಮುಟ್ಟಿದಳು. ಕೈಯಲ್ಲಿ ಫೂಟಪಟ್ಟಿ ಇತ್ತು.

"ಆಶಾಬಿ, ಐದು ದೊಡ್ಡದಿತ್ತಲ್ಲ ಬೇ" ಎಂದಳು ಶಂಕ್ರೆವ್ವ, ಅರ್ಧ ಕನಸಿನಲ್ಲೇ.

"ಈಗ ಎಚ್ಚರಾಗಿ ನೋಡು. ಇದು ಒಂದು ಇಂಚು. ಒಳಗ ಹತ್ತು ಸಣ್ಣ ಮನಿ ಅದಾವ. ಹತ್ತು ಇಂಚು ದಾಟಿ ಐದು ಮನಿ ಹೋಗೂಣು. ಇದು ಈಗಿನ ತೋಳು." ಅಲ್ಲಿಗೆ ಒಂದು ದಾರ ಕತ್ತರಿಸಿದಳು. "ಇದು ಪಂಚಮಿ ತೋಳು. ಹತ್ತು ಇಂಚು ದಾಟಿ ಎರಡು ಮನಿ, ಮತ್ತ ಅರ್ಧ ಮನಿ." ಅಲ್ಲಿಗೆ ಇನ್ನೊಂದು ದಾರ.

"ಅರ್ಧ ಮನಿ ಯಾಕ?"

"ಒಂದೊಂದು ಮನಿನೂ ಮತ್ತ ಹತ್ತು ಚೂರು ಮಾಡಿದ್ರ ಇಂಚಿಗೆ ನೂರು ಚೂರು. ಇಪ್ಪತ್ತೈದು ಚೂರು ಅಂದ್ರ ಎರಡು ಮನಿ, ಮ್ಯಾಲ ಐದು ಚೂರು. ಪಟ್ಟಿ ಇರದಿದ್ರೂ ಚಿಂತಿಲ್ಲ. ಪಾಯಿಂಟಿನ ಆಚೆ ಎರಡೂ ಕಡೆ ಅಂಕಿ ಎಣಿಸಿ ಸಮ ಮಾಡು. ಐದರ ಬಲಕ್ಕ ಒಂದು ಸೊನ್ನಿ ಇಡು, ಪಾಯಿಂಟ್ ಐವತ್ತು ಆಕ್ಕೈತಿ. ಅಳತಿ ಬದಲಾಗೂದಿಲ್ಲ. ಈಗ ಹೇಳು, ಐವತ್ತು ದೊಡ್ಡದೋ, ಇಪ್ಪತ್ತೈದೋ?"

ಶಂಕ್ರೆವ್ವ ಅವಳ ಕೈಯಿಂದ ದಾರ ಇಸಿದುಕೊಂಡಳು. ಎರಡೂ ದಾರಗಳ ತುದಿ ಕೂಡಿಸಿ ಹಿಡಿದಳು. ಒಂದು ದಾರ ಇನ್ನೊಂದನ್ನು ದಾಟಿ ಕಾಲಿಂಚು ಹೊರಗೆ ಬಂದಿತ್ತು. ಆ ಕಾಲಿಂಚಿನ ಮೇಲೆ ಅವಳು ಬೆರಳಾಡಿಸಿದಳು, ಮಲಗಿದ ಕೂಸಿನ ಪಾದ ಮುಟ್ಟುವಂತೆ.

"ಇಷ್ಟು ತುಂಬ್ಯಾಳ ನನ್ನ ಮಗಳು" ಎಂದಳು. ಮತ್ತೆ ಅತ್ತಳು, ಈ ಸಲ ನಗುತ್ತ.

ಹೊರಗೆ ಎತ್ತಿನ ಗೆಜ್ಜೆ ಕೇಳಿಸಿತು. ಅವಳು ಬಾಗಿಲಿಗೆ ಓಡಿದಳು. "ಏನ್ರೀ, ಎತ್ತು ಬಿಚ್ಚರಿ! ಬೀಗತನ ಮುರಿಯಾಕ ಹೋಗಬ್ಯಾಡ್ರಿ!"

"ಯಾಕ? ಬೀಗರು ತಪ್ಪಾತು ಅಂದ್ರೇನ?"

"ತಪ್ಪು ನನ್ನದ್ರಿ. ಮಗಳು ಕಾಲಿಂಚು ಮೈತುಂಬಿಕೊಂಡಾಳ."

ಬಸಗೊಂಡಪ್ಪ ಬಾರುಕೋಲು ಇಳಿಸಿದ. "ಹಂಗಾರ ಬೀಗರು ಬಂಗಾರದಂಥಾ ಮಂದಿ. ನಾ ಮೊದ್ಲಿಂದ ಹೇಳಾಕತ್ತೇನಿ, ನೀನ ಕೇಳವಲ್ಲಿ!"

ಒಳಗೆ ಬಂದ ಶಂಕ್ರೆವ್ವ ಖಣ ಹಾಸಿ ಕುಳಿತಳು. ಆಶಾಬಿ ಹೇಳಿದಳು: "ಹೊಲಿಗಿಗೆ ಎರಡೂ ಕಡೆ ಮುಕ್ಕಾಲು ಮುಕ್ಕಾಲು ಇಂಚು ಬಿಡು. ಹೆರಿಗಿ ಆಗೂತನಕ ತೋಳು ಇನ್ನೂ ತುಂಬಿದ್ರ ಬಿಚ್ಚಿ ಸಡಿಲ ಮಾಡಬಹುದು."

"ಮುಕ್ಕಾಲು ಅಂದ್ರ ಪಾಯಿಂಟಿನ್ಯಾಗ ಎಷ್ಟು?"

"ನೂರು ಚೂರಿನಾಗ ಎಪ್ಪತ್ತೈದು. ಪಾಯಿಂಟ್ ಎಪ್ಪತ್ತೈದು. ಲೆಕ್ಕ ನೀನ ಮಾಡು, ನಾ ತುಟಿ ಬಿಚ್ಚೂದಿಲ್ಲ."

ಶಂಕ್ರೆವ್ವ ಕಣ್ಣು ಮುಚ್ಚಿದಳು. ತಿಕೋಟಾದ ಕೋಳಿಗಳೂ ಆಗ ಉಸಿರು ಬಿಗಿಹಿಡಿದವು. "ಎಪ್ಪತ್ತೈದು ಮತ್ತ ಎಪ್ಪತ್ತೈದು, ನೂರಾ ಐವತ್ತು. ತೋಳಿನ ಐವತ್ತು ಕೂಡಿದ್ರ ಇನ್ನೂರು. ನೂರಕ್ಕ ಒಂದು ಇಂಚು, ಅಂದ್ರ ಎರಡು ಇಂಚು. ಹತ್ತಕ್ಕ ಎರಡು ಕೂಡಿದ್ರ..." ಕಣ್ಣು ತೆರೆದಳು. "ಹನ್ನೆರಡು! ಇಡೀ ಫೂಟಪಟ್ಟಿ!"

"ಬರೋಬ್ಬರಿ" ಎಂದಳು ಆಶಾಬಿ.

ಮೊದಲು ಹಳೆಯ ಧೋತರದ ತುಂಡಿನ ಮೇಲೆ ಕತ್ತರಿಸಿ ನೋಡಿದರು. ಸರಿ ಬಂದ ಮೇಲೆಯೇ ಖಣಕ್ಕೆ ಕತ್ತರಿ ಮುಟ್ಟಿತು.

ಶುಕ್ರವಾರ ಬಬಲೇಶ್ವರದಲ್ಲಿ ಹೆಂಗಸರು ಹಾಡುತ್ತ ಸುತ್ತ ನಿಂತರು. ಶಂಕ್ರೆವ್ವ ಉಸಿರು ಹಿಡಿದು ಮಗಳಿಗೆ ಕುಪ್ಪಸ ತೊಡಿಸಿದಳು. ಜೋಳದ ಹೊಲಕ್ಕೆ ಗಾಳಿ ಹೊಕ್ಕಂತೆ ತೋಳು ಒಳಗೆ ಹೋಯಿತು. ಬಿಗಿಯಿಲ್ಲ, ಸಡಿಲವಿಲ್ಲ. ಬೀಗತಿ ಮಾಳವ್ವ ಅಂಚು ಮುಟ್ಟಿ ನೋಡಿ ಕೇಳಿದಳು: "ಇಷ್ಟು ಚಂದ ಹೆಂಗ ಕುಂದರಿಸಿದ್ರಿ ಬೀಗತಿ, ಮಗಳನ್ನ ಕಣ್ಣೀಲೆ ನೋಡದ?"

"ನೋಡೇನ್ರಿ" ಎಂದಳು ಶಂಕ್ರೆವ್ವ. "ಹತ್ತರ ಪಾಲಿನಾಗ ನೋಡೇನಿ, ನೂರರ ಪಾಲಿನಾಗೂ ನೋಡೇನಿ."

ರೇಣುಕವ್ವ ತಾಯಿಯ ಕೈ ಹಿಡಿದು ತನ್ನ ತೋಳಿನ ಮೇಲೆ ಇಟ್ಟುಕೊಂಡಳು. ಆರತಿಯ ಬೆಳಕಿನಲ್ಲಿ ಹಸಿರು ಕುಪ್ಪಸ ಹೊಳೆಯಿತು.

ಅಕ್ಕಂದಿರೇ, ಅಣ್ಣಂದಿರೇ, ಕಾಲು, ಅರ್ಧ, ಮುಕ್ಕಾಲು ನಿಮ್ಮ ಕೈಗೆ ಎಂದೋ ಗೊತ್ತು. ಅವೇ ಪಾಯಿಂಟ್ ಇಪ್ಪತ್ತೈದು, ಪಾಯಿಂಟ್ ಐದು, ಪಾಯಿಂಟ್ ಎಪ್ಪತ್ತೈದು ಎಂದು ಹೆಸರು ಬದಲಿಸಿ ನಿಮ್ಮ ಬಾಗಿಲಿಗೆ ಬರುತ್ತವೆ. ಔಷಧದ ಅಳತೆಯಲ್ಲಿ ಬರುತ್ತವೆ, ಜ್ವರದ ಕಡ್ಡಿಯಲ್ಲಿ ಬರುತ್ತವೆ, ಅಂಗಡಿಯ ತಕ್ಕಡಿಯಲ್ಲಿ ಬರುತ್ತವೆ. ಪಾಯಿಂಟಿನ ಬಲಕ್ಕೆ ಮೊದಲ ಅಂಕಿ ಹತ್ತರ ಪಾಲು, ಎರಡನೆಯದು ನೂರರ ಪಾಲು. ಯಾವುದು ದೊಡ್ಡದೆಂದು ತಿಳಿಯದಿದ್ದರೆ ಕೊನೆಗೆ ಸೊನ್ನೆ ಇಟ್ಟು ಪಾಯಿಂಟಿನಾಚೆಯ ಅಂಕಿಗಳ ಎಣಿಕೆ ಸಮ ಮಾಡಿ, ಆಮೇಲೆ ಹೋಲಿಸಿ. ಬಾರದಿದ್ದರೆ ಬಲ್ಲವರನ್ನು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಇವತ್ತೇ ನಿಮ್ಮ ಮನೆಯ ಕೂಸಿನ ತೋಳಿಗೆ ಒಂದು ದಾರ ಸುತ್ತಿ, ಪಟ್ಟಿಯ ಮೇಲೆ ಇಟ್ಟು ಓದಿ. ಬರುವ ತಿಂಗಳು ಮತ್ತೆ ಓದಿ. ಕೂಸು ಎಷ್ಟು ತುಂಬಿಕೊಂಡಿದೆ ಎಂಬುದನ್ನು ಬೇರೆ ಯಾರೂ ಹೇಳುವ ಮೊದಲು ನೀವೇ ಹೇಳಿ.