ಒಳಗಿನ ಬಾಗಿಲ ಸಂದು

ಮನೆಯೊಳಗೆ ಗಾಳಿ ಎಲ್ಲಿಂದ ನುಸುಳುತ್ತದೆ ಎಂದು ಹುಡುಕಿ ಮುಚ್ಚುವುದು ಅವಳ ಕಸುಬು. ಗಿರಾಕಿಗಳು ಅವಳನ್ನು ಗಾಳಿ ಮೇಡಂ ಎನ್ನುತ್ತಿದ್ದರು. ಚಳಿಗಾಲ ಬಂತೆಂದರೆ ಅವಳಿಗೆ ಕೈತುಂಬ ಕೆಲಸ. ಸ್ವಿಚ್ ಬೋರ್ಡಿನ ಹಿಂದೆ, ಪೈಪು ಗೋಡೆ ಹೊಕ್ಕ ಕಡೆ, ಕಿಟಕಿ ಚೌಕಟ್ಟಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಸಂದನ್ನು ಬರೀ ಅಂಗೈ ಹಿಡಿದು ಹೇಳಿಬಿಡುವಳು. ಇಂಥವಳು ನಲವತ್ತು ದಾಟಿದ ಮೇಲೆ ಮದುವೆಯಾದಳು. ಗಂಡ ಬಸ್ ಡ್ರೈವರ್, ಮೊದಲ ಹೆಂಡತಿಯನ್ನು ಕಳೆದುಕೊಂಡವನು. ಹದಿನೈದರ ಮಗಳೊಬ್ಬಳಿದ್ದಳು.

ಹೊಸದಾಗಿ ಮನೆ ಹೊಕ್ಕವಳು ಆ ಹುಡುಗಿಗೆ ಏನಾದರೂ ಕೊಡಬೇಕಲ್ಲ. ಬೇರೆಯವರಾಗಿದ್ದರೆ ಬಟ್ಟೆಯನ್ನೋ ವಾಚನ್ನೋ ಕೊಡುತ್ತಿದ್ದರು. ಇವಳು ಕೊಟ್ಟದ್ದು ಕಿಟಕಿಯ ರಿಪೇರಿ! ಹುಡುಗಿಯ ಕೋಣೆಯ ಹಳೇ ಕಿಟಕಿ ಗಾಳಿ ಬೀಸಿದಾಗೆಲ್ಲ ಸೀಟಿ ಹೊಡೆಯುತ್ತಿತ್ತು. ಹುಡುಗಿ ಶಾಲೆಗೆ ಹೋದ ಹೊತ್ತಿನಲ್ಲಿ ಇಡೀ ದಿನ ಕೂತು, ರಬ್ಬರ್ ಪಟ್ಟಿ ಹೊಡೆದು, ಸಂದುಸಂದಿಗೂ ಸಿಲಿಕಾನ್ ತುಂಬಿ, ಇರುವೆಯೂ ನುಸುಳದ ಹಾಗೆ ಮಾಡಿಟ್ಟಳು. ಹುಡುಗಿ ಬಂದು ಒಮ್ಮೆ ನೋಡಿ, ಬ್ಯಾಗನ್ನು ಮಂಚದ ಮೇಲೆ ಎಸೆದಳು. ಅವಳು ಇವಳನ್ನು ಅಮ್ಮ ಎಂದೂ ಕರೆಯಳು, ಚಿಕ್ಕಮ್ಮ ಎಂದೂ ಕರೆಯಳು. ಊಟ ಮಾಡುವಳು, ಕೋಣೆ ಸೇರುವಳು, ಬಾಗಿಲು ಹಾಕಿಕೊಳ್ಳುವಳು.

ತಿಂಗಳೆರಡು ಕಳೆಯುವುದರೊಳಗೆ ಹುಡುಗಿಗೆ ಕೆಮ್ಮು ಹತ್ತಿತು. ಡಾಕ್ಟರ ಔಷಧಿ ಕುಡಿದಷ್ಟು ದಿನ ಸುಮ್ಮನಿದ್ದು ಮತ್ತೆ ಶುರುವಾಗುವ ಕೆಮ್ಮು. ಅವಳ ದೊಡ್ಡಮ್ಮ, ಅಂದರೆ ತೀರಿಕೊಂಡವಳ ಅಕ್ಕ, ಫೋನು ಮಾಡಿದಳು. ಆಕೆ ಮಾತಾಡಿದರೆ ಸ್ಪೀಕರ್ ಬೇಕಿಲ್ಲ, ಅಡುಗೆಮನೆಯವರೆಗೂ ಕೇಳುತ್ತದೆ.

“ನನ್ನ ತಂಗಿ ಇದ್ದಾಗ ಈ ಕೆಮ್ಮು ಇತ್ತಾ? ಆ ಹೊಸಬಳು ಕಾಲಿಟ್ಟಳು, ಕೆಮ್ಮು ಹತ್ಕೊಳ್ತು. ಭಾನುವಾರ ಬರ್ತೀನಿ. ಮಗು ಇನ್ಮೇಲೆ ನಮ್ಮನೇಲೇ ಇರ್ಲಿ.”

ಡ್ರೈವರು ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬಸ್ಸಿನಲ್ಲಿ ಅಷ್ಟು ಮಾತಾಡುವ ಮನುಷ್ಯ ಇಂಥಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವವನು. ಅಡುಗೆಮನೆಯಲ್ಲಿ ಇವಳು ಎಲ್ಲ ಕೇಳಿಸಿಕೊಂಡು ಒಲೆ ಆರಿಸಿದಳು. ಹೋದ ಹುಡುಗಿ ತಿರುಗಿ ಬರುವವಳಲ್ಲ. ಮಗಳನ್ನು ಮನೆ ಬಿಡಿಸಿದವಳು ಎಂಬ ಹೆಸರು ಹೊತ್ತು ಇವಳು ಈ ಮನೆಯಲ್ಲಿ ಹೇಗೆ ಬಾಳುವುದು? ಅದಕ್ಕಿಂತ ಹೆಚ್ಚಾಗಿ, ಆ ಮುಖ ಗಂಟಿಕ್ಕಿದ ಹುಡುಗಿ ಅವಳಿಗೆ ಬೇಕಾಗಿದ್ದಳು. ಯಾಕೆ ಎಂದರೆ ಹೇಳಲು ಬರುತ್ತಿರಲಿಲ್ಲ.

ಶನಿವಾರ ಗಂಡ ಡ್ಯೂಟಿಗೆ ಹೋದ ಮೇಲೆ, ಚಳಿಗಾಳಿ ಇನ್ನೂ ಎಲ್ಲಿಂದಾದರೂ ನುಸುಳಿ ಕೆಮ್ಮು ತರುತ್ತಿದೆಯೋ ನೋಡಲು, ತಾನು ಕೆಲಸಕ್ಕೆ ಒಯ್ಯುವ ದೊಡ್ಡ ಫ್ಯಾನನ್ನು ಹೊರಬಾಗಿಲಿಗೆ ಕೂರಿಸಿದಳು. ಅದು ಮನೆಯ ಗಾಳಿಯನ್ನು ಹೊರಗೆ ಎಳೆಯತೊಡಗಿದರೆ, ಎಲ್ಲೆಲ್ಲಿ ಸಂದಿದೆಯೋ ಅಲ್ಲೆಲ್ಲ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಊದುಬತ್ತಿಯ ಹೊಗೆ ಹಿಡಿದರೆ ಸಾಕು, ಸಂದು ತಾನೇ ಸಿಕ್ಕಿಬೀಳುತ್ತದೆ.

“ನಿನ್ನ ರೂಮ್ ಬಾಗಿಲು ತೆಗೀತೀಯಾ? ಒಳಗಿನ ಬಾಗಿಲೆಲ್ಲ ತೆಗೆದಿರ್ಬೇಕು, ಇಲ್ದಿದ್ರೆ ಲೆಕ್ಕ ತಪ್ಪುತ್ತೆ.”

“ಹೆಂಗಿದ್ರೂ ನಾಳೆ ಹೋಗೋಳು. ನೋಡ್ಕೊಳ್ಳಿ,” ಎಂದು ಹುಡುಗಿ ಬಾಗಿಲು ತೆಗೆದು ಪಕ್ಕಕ್ಕೆ ನಿಂತಳು.

ಕಿಟಕಿಯ ನಾಲ್ಕೂ ಅಂಚಿಗೆ ಊದುಬತ್ತಿ ಹಿಡಿದರೆ ಹೊಗೆ ನೆಟ್ಟಗೆ ಮೇಲೇರಿತು, ಒಂದಿಷ್ಟೂ ಬಾಗಲಿಲ್ಲ. ಬೇರೆ ಮನೆಯಾಗಿದ್ದರೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದಳು. ಆದರೆ ಕೋಣೆಯಲ್ಲಿ ಒದ್ದೆ ಚೀಲದ ವಾಸನೆ. ಮಂಚ ಎಳೆದು ನೋಡಿದಳು. ಹುಡುಗಿಯ ತಲೆದಿಂಬಿನ ಎತ್ತರಕ್ಕೆ ಸರಿಯಾಗಿ, ಗೋಡೆಯುದ್ದಕ್ಕೂ ಕಪ್ಪಗೆ ಬೂಷ್ಟು ಹಿಡಿದಿತ್ತು. ತಿರುಗಿದರೆ ಬಾಗಿಲ ಹಿಂದೆ ಸುರುಳಿ ಸುತ್ತಿದ ಟವೆಲ್.

“ಇದು ಯಾಕಮ್ಮ ಇಲ್ಲಿ?”

“ಬಾಗಿಲ ಕೆಳಗಿನ ಸಂದಿಗೆ. ದಿನಾ ಇಡ್ತೀನಿ.”

ಅವಳಿಗೆ ಎಲ್ಲ ತಿಳಿದುಹೋಯಿತು. ಹೊರಗಿನ ಸಂದು ಮುಚ್ಚಿ, ಒಳಗಿನ ಬಾಗಿಲ ಸಂದು ಮಾತ್ರ ಬಿಡಿ, ಕೋಣೆ ಉಸಿರಾಡುವುದೇ ಅಲ್ಲಿಂದ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವಳು ತನ್ನ ಮನೆಯಲ್ಲೇ ನೋಡಿಕೊಂಡಿರಲಿಲ್ಲ. ಕಿಟಕಿಯನ್ನು ಇವಳು ಬಿಗಿದಿದ್ದಳು, ಬಾಗಿಲನ್ನು ಹುಡುಗಿ ಬಿಗಿದಿದ್ದಳು. ಒಳಗಿನ ಉಸಿರಿನ ತೇವವೆಲ್ಲ ಎಲ್ಲಿಗೂ ಹೋಗದೆ ತಣ್ಣನೆ ಗೋಡೆಗೆ ಅಂಟಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇನ್ನಾರಿಗೆ?

ತಪ್ಪನ್ನು ಟವೆಲಿನ ತಲೆಗೆ ಕಟ್ಟಬಹುದಿತ್ತು. ಗೋಡೆ ತೊಳೆದು ಸುಮ್ಮನಾಗಲೂಬಹುದಿತ್ತು. ಎರಡೂ ಮನಸ್ಸಿಗೆ ಬಂದು ಹೋದವು.

“ನಿನ್ನ ಕೆಮ್ಮಿಗೆ ಈ ಬೂಷ್ಟೇ ಕಾರಣ,” ಎಂದಳು. “ಬೂಷ್ಟಿಗೆ ಕಾರಣ ನಾನು. ನೀನಿಲ್ದಾಗ ಬಂದು, ನಿನ್ನ ಒಂದು ಮಾತೂ ಕೇಳ್ದೆ ಕಿಟಕಿ ಬಿಗಿದೆ. ಕೇಳಿದ್ರೆ ಟವೆಲ್ ವಿಷಯ ಗೊತ್ತಾಗಿರೋದು.”

ಹುಡುಗಿ ಗೋಡೆಯನ್ನೇ ನೋಡುತ್ತಿದ್ದಳು. “ಕೇಳಿದ್ರೂ ನಾನು ಹೇಳ್ತಿರ್ಲಿಲ್ಲ.”

“ಚಳಿಗಾ ಇಡ್ತಿದ್ದೆ?”

“ನೀವಿಬ್ರೂ ನಗ್ತೀರಲ್ಲ, ಅದು ಕೇಳಬಾರ್ದು ಅಂತ.” ಸ್ವಲ್ಪ ಹೊತ್ತು ಕೆಮ್ಮಿದಳು. ಆಮೇಲೆ ಬೇರೆ ಯಾರಿಗೋ ಹೇಳುವಂತೆ, “ಅಮ್ಮ ಇದ್ದಾಗ ಅಪ್ಪ ಹೀಗೆ ನಗ್ತಾನೇ ಇರ್ಲಿಲ್ಲ,” ಎಂದಳು.

ಸಮಾಧಾನದ ಸುಳ್ಳೊಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಕಂಡರಿಯದ ಹೆಂಗಸಿನ ಸಂಸಾರದ ಬಗ್ಗೆ ತಾನೇನು ಹೇಳುವುದು? ತನಗೆ ಗೊತ್ತಿದ್ದದ್ದನ್ನಷ್ಟೇ ಹೇಳಿದಳು.

“ಕಿಟಕಿಯೋ ಬಾಗಿಲೋ, ಒಂದಾದ್ರೂ ಗಾಳಿ ಬಿಡ್ಬೇಕು. ಯಾವ್ದು ಅಂತ ನೀನೇ ಹೇಳು.”

“ಕಿಟಕಿ.”

ಅವಳು ಹೋಗಿ ಚಾಕು ತಂದಳು. ದಿನವಿಡೀ ಕೂತು ತುಂಬಿದ್ದನ್ನು ಸೀಳಿ ಸೀಳಿ ತೆಗೆದಳು. ಹೊರಗಿನ ಚಳಿ ಕೋಣೆಗೆ ನುಗ್ಗಿತು, ಕಿಟಕಿ ಮತ್ತೆ ಸೀಟಿ ಹೊಡೆಯಿತು. ಎಂಥ ಚೆಂದದ ಕೆಲಸವಾಗಿತ್ತು ಅದು! ಆಮೇಲೆ ಬಕೆಟ್ಟು ತಂದು ಗೋಡೆ ತಿಕ್ಕಿದಳು. ಹುಡುಗಿ ಬೇಡವೆನ್ನಲಿಲ್ಲ, ಸಹಾಯಕ್ಕೂ ಬರಲಿಲ್ಲ, ಬಾಗಿಲಲ್ಲಿ ಸ್ವೆಟರ್ ಹಾಕಿಕೊಂಡು ನಿಂತೇ ಇದ್ದಳು.

ಭಾನುವಾರ ದೊಡ್ಡಮ್ಮ ಬಂದಿಳಿದಳು. ಕೂತ ಕುರ್ಚಿ ಬಿಸಿಯಾಗುವ ಮೊದಲೇ ಶುರುಮಾಡಿದಳು.

“ನೋಡಮ್ಮ, ನೇರ ಹೇಳ್ತೀನಿ. ನೀನು ಬಂದ್ಮೇಲೇ ಮಗು ಹೀಗಾಗಿದ್ದು.”

“ಹೌದು ಅಕ್ಕ. ನಾನೇ ಮಾಡಿದ್ದು,” ಎಂದು ಇವಳು ಕಿಟಕಿಯ ಕತೆಯನ್ನೆಲ್ಲ ಹೇಳಿದಳು. ಟವೆಲಿನ ಹೆಸರೆತ್ತಲಿಲ್ಲ.

ಜಗಳಕ್ಕೆ ಸೊಂಟ ಕಟ್ಟಿ ಬಂದವರಿಗೆ ಎದುರಿನವರು ಹೌದು ಎಂದುಬಿಟ್ಟರೆ ಮುಂದೇನು ಮಾಡಬೇಕೋ ತೋಚುವುದಿಲ್ಲ. ದೊಡ್ಡಮ್ಮ ಸೆರಗನ್ನು ಎರಡು ಸಲ ಸರಿಮಾಡಿಕೊಂಡಳು. ಕೊನೆಗೆ, “ಕೇಳಿದ್ಯಾ? ಅವಳೇ ಒಪ್ಕೊಂಡ್ಳು. ಬಟ್ಟೆ ತುಂಬ್ಕೋ,” ಎಂದಳು ಹುಡುಗಿಗೆ.

ಹುಡುಗಿ ಏಳಲಿಲ್ಲ. “ಕಾರಣ ಗೊತ್ತಾಯ್ತಲ್ಲ ದೊಡ್ಡಮ್ಮ, ಇನ್ಯಾಕೆ ಬರ್ಲಿ?” ಎಂದಳು. ಇವಳತ್ತ ತಿರುಗಿ, “ಹಾಗಂತ ನಿಮ್ಮ ಜೊತೆ ಕೂತು ಹರಟೆ ಹೊಡೀತೀನಿ ಅಂದ್ಕೋಬೇಡಿ,” ಎಂದು ಸೇರಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೊಡ್ಡಮ್ಮ ಹೊರಟುಹೋದ ಮೇಲೆ ಆ ಸಂಜೆ ಗಂಡಹೆಂಡಿರಿಬ್ಬರೇ ಊಟಕ್ಕೆ ಕೂತಿದ್ದರು. ಡ್ರೈವರಿಗೆ ಎದೆಯ ಭಾರ ಇಳಿದಿತ್ತು, ಮಾತು ತಾನಾಗಿ ಬಂತು. “ನಿನ್ನೆ ಒಬ್ಬ ಮುದುಕ ಹತ್ತಿದ. ‘ನಿಧಾನಕ್ಕೆ ಬಿಡಪ್ಪ, ಅವಸರ ಏನಿಲ್ಲ’ ಅಂದ. ಎಲ್ಲಿಗೆ ತಾತ ಅಂದ್ರೆ, ‘ಅತ್ತೆ ಮನೆಗೆ’ ಅಂದ. ಈ ವಯಸ್ಸಲ್ಲೂ!”

ಅವಳಿಗೆ ನಗು ಉಕ್ಕಿಬಂತು. ತಟ್ಟನೆ ಮುಚ್ಚಿದ ಬಾಗಿಲ ನೆನಪಾಗಿ, ಅಂಗೈಯಿಂದ ಬಾಯಿ ಒತ್ತಿ ಹಿಡಿದಳು. ಭುಜವೆಲ್ಲ ಕುಲುಕಿತು, ಮೂಗಿನಿಂದ ಗೊರ್ರೆಂದು ಸದ್ದು ಬಂತು.

ಕೋಣೆಯೊಳಗಿಂದ, ಟವೆಲಿಲ್ಲದ ಬಾಗಿಲ ಸಂದಿನಿಂದ, ಹುಡುಗಿಯ ದನಿ ಸ್ಪಷ್ಟವಾಗಿ ಕೇಳಿಸಿತು. “ನಗೋದಾದ್ರೆ ನಕ್ಕುಬಿಡಿ ಚಿಕ್ಕಮ್ಮ. ಹಾಗೆ ಹಿಡ್ಕೊಂಡ್ರೆ ಇನ್ನೂ ಜಾಸ್ತಿ ಕೇಳ್ಸುತ್ತೆ.”

ಅವಳಿಗೆ ಆಮೇಲೆ ನಗಲಾಗಲಿಲ್ಲ. ಕಣ್ಣಿಂದ ನೀರು ತಟ್ಟೆಗೇ ಬೀಳತೊಡಗಿತು, ಗಂಡ ಗಾಬರಿಯಾಗಿ ಏನಾಯ್ತೇ, ಏನಾಯ್ತೇ ಎಂದು ಕೇಳುತ್ತಲೇ ಇದ್ದ.