ಯಶೋಧರಕ್ಕ ಬಡಿಸಿದ ಮುದ್ದೆ

ನನಗೆ ಊಟದಲ್ಲಿ ಮಾಟದ ಮದ್ದು ಹಾಕಿದವರು ಯಾರೆಂದು ವೈ.ಎನ್.ಹೊಸಕೋಟೆಯ ನಮ್ಮ ಬೀದಿಗೆಲ್ಲ ಗೊತ್ತು: ನನ್ನ ವಾರಗಿತ್ತಿ ಯಶೋಧರಕ್ಕ. ಹಾಗೆಂದು ಎಲ್ಲರೂ ನಂಬಿದ್ದಾರೆ. ನಂಬಿಸಿದವಳು ನಾನೇ, ಅದೇ ನನಗೆ ಉರಿ.

ನಾಲ್ಕು ವರ್ಷದ ಹಿಂದೆ ಉಂಡದ್ದೆಲ್ಲ ವಾಂತಿಯಾಗುತ್ತಿತ್ತು. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು. ಅತ್ತೆ ಚಿಕ್ಕಹನುಮಕ್ಕ ನನ್ನನ್ನು ಮದ್ದು ಕಕ್ಕಿಸುವವನ ಬಳಿ ಎಳೆದುಕೊಂಡು ಹೋದರು. ಅವನು ಎಂಥದೋ ಸೊಪ್ಪಿನ ರಸ ಕುಡಿಸಿದ, ಕಕ್ಕಿದೆ. ಅದರಲ್ಲೊಂದು ಕರಿ ಗಂಟು ತೋರಿಸಿ, "ಯಾರು ತಿನ್ನಿಸಿದ್ರು ಹೇಳಮ್ಮ" ಅಂದ. ಹೆಸರು ಹೇಳದೆ ಅವನು ಬಿಡುವ ಹಾಗೆ ಕಾಣಲಿಲ್ಲ. ಹಿಂದಿನ ದಿನ ಯಶೋಧರಕ್ಕ ಕಡಲೆಕಾಯಿ ಉಂಡೆ ಕೊಟ್ಟಿದ್ದಳು, ಅವಳ ಹೆಸರು ಹೇಳಿಬಿಟ್ಟೆ. ಅವತ್ತಿನಿಂದ ಅಕ್ಕ ಯಾರ ಎಲೆಗೂ ಬಡಿಸುವಂತಿಲ್ಲ.

ನಿಜವಾದ ಕಳ್ಳ ಸಿಕ್ಕಿದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ. ಬಾಯಿಂದ ಟ್ಯೂಬ್ ಇಳಿಸಿ ಜಠರದ ಚೂರು ತೆಗೆದು ನೋಡಿದರು. ರಕ್ತದ ಒಂದು ಬಗೆಯ ಬಿಳಿಕಣ ಜಠರದ ಗೋಡೆಯಲ್ಲಿ ತುಂಬಿಕೊಂಡಿದೆಯಂತೆ, ಬಹಳ ಅಪರೂಪದ ಕಾಯಿಲೆಯಂತೆ. ಸ್ಟೆರಾಯ್ಡ್ ಮಾತ್ರೆ ಕೊಟ್ಟು, ಒಂದೊಂದೇ ಆಹಾರ ಬಿಡಿಸಿ ನೋಡಿದರು. ನನಗೆ ಆಗದಿದ್ದದ್ದು ಹಾಲು ಮತ್ತು ಕಡಲೆಕಾಯಿ. ನಮ್ಮದೇ ಹೊಲದ ಕಡಲೆಕಾಯಿ, ಅತ್ತೆ ದಿನಾ ಚಟ್ನಿಗೂ ಸಾರಿಗೂ ಅರೆದದ್ದು! ಕಳೆದ ತಿಂಗಳು ಮತ್ತೆ ಟ್ಯೂಬ್ ಇಳಿಸಿ, "ಕಾಯಿಲೆ ಅಡಗಿದೆ. ಹೋಯ್ತು ಅಂತ ಮೈಮರೀಬೇಡಿ" ಅಂದರು ಡಾಕ್ಟರು. ಅತ್ತೆ ಬೀದಿಗೆಲ್ಲ ಸಾರಿದ್ದು ಮಾತ್ರ ಬೇರೆ. ಮದ್ದು ಪೂರ್ತಿ ಕರಗಿತಂತೆ.

ಮೊನ್ನೆ ಹಿರಿಯರ ಹಬ್ಬ. ಅತ್ತೆ, ನೆಂಟರು, ನಾನು ಎಲ್ಲ ಊಟಕ್ಕೆ ಕೂತಿದ್ದೆವು. ಯಶೋಧರಕ್ಕ ಎಂದಿನಂತೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾದಿನಿ ಮುದ್ದೆ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಇಟ್ಟೆ.

"ಯಶೋಧರಕ್ಕ ಬಡಿಸ್ಲಿ. ಅಲ್ಲೀಗಂಟ ನಾನು ಉಣ್ಣಲ್ಲ."

"ತಲೆ ಕೆಟ್ಟೈತೇನೇ?" ಅಂದರು ಅತ್ತೆ. "ಹೋದ ಜೀವ ಈಗಿನ್ನೂ ಬಂದೈತೆ."

"ಮದ್ದೂ ಇಲ್ಲ ಗಿದ್ದೂ ಇಲ್ಲ ಅತ್ತೆ. ಅವತ್ತು ತಪ್ಪಿಸ್ಕೊಳ್ಳಾಕೆ ಅಕ್ಕನ ಹೆಸರು ಹೇಳ್ಬುಟ್ಟೆ. ದಿನಾ ಕಡ್ಲೆಕಾಯಿ ಅರೆದು ಹಾಕಿದ್ದು ನೀವು. ನಿಮ್ಮ ಹೆಸರು ಹೇಳ್ಲಾ?"

ಯಶೋಧರಕ್ಕ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖದಲ್ಲಿ ನನ್ನ ಮೇಲೆ ಪ್ರೀತಿಯೇನೂ ಕಾಣಲಿಲ್ಲ. ಅದನ್ನು ಕೇಳುವ ಮುಖ ನನಗೂ ಇರಲಿಲ್ಲ.

"ನಾಳೆ ನಿಂಗೆ ಮತ್ತೆ ಹೊಟ್ಟೆನೋವು ಬಂದ್ರೆ?" ಅಂದಳು.

"ಬರಬೌದು ಅಂತ ಡಾಕ್ಟ್ರೇ ಅಂದವ್ರೆ. ಬಂದ್ರೆ ಬೀದೀಲಿ ನಿಂತ್ಕೊಂಡು ಹೇಳ್ತೀನಿ ಕಣಕ್ಕ, ಇದು ನನ್ನ ಕಾಯಿಲೆ ಅಂತ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮುದ್ದೆಯ ತಟ್ಟೆ ಎತ್ತಿಕೊಂಡಳು. ನನ್ನನ್ನು ದಾಟಿ ಹೋಗಿ ಮೊದಲ ಮುದ್ದೆಯನ್ನು ಅತ್ತೆಯ ಎಲೆಗಿಟ್ಟಳು.

"ಉಣ್ಣಿ ಅತ್ತೆ."

ಅತ್ತೆ ಅತ್ತಿತ್ತ ನೋಡಿದರು. ನೆಂಟರೆಲ್ಲ ಅವರ ಕೈಯನ್ನೇ ನೋಡುತ್ತಿದ್ದರು. ಅತ್ತೆ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗುವ ತನಕ ಅಕ್ಕ ಅಲ್ಲಿಂದ ಕದಲಲಿಲ್ಲ. ಆಮೇಲೆ ನನ್ನ ಎಲೆಗೆ ಬಂದಳು.