ಒಂದು ಗೇಣು ದೂರ

೨೦೨೪ರ ನವೆಂಬರ್ ೧೯, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶಿರಾಳಕೊಪ್ಪದ ಬೈಕ್ ಪೇಂಟರ್ ಉಜ್ಜಪ್ಪ ಪೆಟ್ರೋಲ್ ಟ್ಯಾಂಕನ್ನು ಬಿಸಿಲಿಗೆ ಹಿಡಿದು ನೋಡಿದ. ನೀಲಿ ಬಣ್ಣದೊಳಗೆ ಬೆಳ್ಳಿ ಚಮಕಿ ಮಿನುಗುತ್ತಿತ್ತು. ಎಡಮಗ್ಗುಲಲ್ಲಿ ಮಾತ್ರ ಬೂದಿ ಸವರಿದಂಥ ತೇಪೆ. ಎರಡನೇ ಸಲವೂ ಕೆಟ್ಟಿತ್ತು.

ಜಡೆ ಊರಿನ ಯತೀಶ ಬೈಕಿನಿಂದ ಬಿದ್ದು ಟ್ಯಾಂಕನ್ನು ತಗ್ಗು ಮಾಡಿಕೊಂಡಿದ್ದ. ತಗ್ಗು ಎತ್ತಿ ನುಣುಪು ಮಾಡುವುದೇನೂ ದೊಡ್ಡದಲ್ಲ, ಕಷ್ಟವೆಲ್ಲ ಚಮಕಿಯದು. ಈ ಅಂಗಡಿಯಲ್ಲಿ ತಳದ ಬಣ್ಣ ಉಜ್ಜಪ್ಪನದು, ಚಮಕಿ ಅವನ ಹೆಂಡತಿ ಜಗದಾಂಬಳದು. ಹೋದ ವರ್ಷ ಅವಳು ತೀರಿಕೊಂಡ ಮೇಲೆ ಅವನು ಚಮಕಿ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದ. ಇದನ್ನು ಬಿಡಲಾಗಲಿಲ್ಲ. ಅವಳ ಕೈಯಿಂದಾದ ಕೊನೆಯ ಟ್ಯಾಂಕ್ ಇದು.

"ಏನ್ರೀ ಉಜ್ಜಪ್ಪಣ್ಣ, ಬೂದಿಯಾಗೆ ಹೊಳ್ಳಾಡಿದ ಎಮ್ಮೆ ಆಗೇತಲ್ಲ!" ಬಾಗಿಲಿಗೆ ಬಂದ ಯತೀಶ ನಕ್ಕ. "ಎಲ್ಲಾ ಉಜ್ಜಿ ತೆಗ್ದು ಹೊಸದಾಗಿ ಹೊಡೀರಿ. ಹೆಸ್ರಾಗೇ ಉಜ್ಜು ಐತಿ, ಕೈಯಾಗಿಲ್ವಾ?"

"ಉಜ್ಜಿದ್ರೆ ಅವಳು ಹೊಡೆದಿದ್ದೂ ಹೋಗ್ತತಿ ಕಣಪ್ಪ."

ಯತೀಶನ ನಗು ನಿಂತಿತು. "ಸಂಜೆಗೆ ಬರ್ತೀನಿ. ಅಷ್ಟ್ರಾಗೆ ಆಗ್ಲಿಲ್ಲಾಂದ್ರೆ ಉಜ್ಜೇಬಿಡ್ರಿ. ಬಸ್ಸಿಗೆ ಕಾದು ಸಾಕಾಗೇತಿ."

ಬಣ್ಣ ಹೊಡೆಯುವ ಗನ್ನು ದೂರವಾದರೆ ಬಣ್ಣ ಗಾಳಿಯಲ್ಲೇ ಅರ್ಧ ಒಣಗುತ್ತದೆ. ಚಮಕಿ ಒಳಗಿಳಿಯದೆ ಮೇಲೇ ಮಲಗಿ ಬೆಳ್ಳಗೆ ಕಾಣುತ್ತದೆ. ಇದು ಉಜ್ಜಪ್ಪನಿಗೂ ಗೊತ್ತು. ಆದರೆ ಅವನು ಅವಳು ಹೇಳಿದಷ್ಟೇ ದೂರ ಹಿಡಿದಿದ್ದ. "ಎಷ್ಟು ದೂರ ಹಿಡೀತೀಯೇ?" ಎಂದು ಒಮ್ಮೆ ಕೇಳಿದ್ದಕ್ಕೆ, "ಒಂದ್ ಗೇಣು. ಅಷ್ಟೂ ಗೊತ್ತಾಗಲ್ವೇನ್ರೀ?" ಎಂದು ನಕ್ಕಿದ್ದಳು. ಅವನು ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದೇ ಹೊಡೆದಿದ್ದ.

ಗಾಳಿ ಬೀಸಿತೆಂದು ತಗಡಿನ ಬಾಗಿಲು ಎಳೆದ. ಅದರ ಒಳಮೈಮೇಲೆ ಜಗದಾಂಬಳ ಅಂಗೈ ಅಚ್ಚುಗಳು. ಪ್ರತಿ ಆಯುಧಪೂಜೆಗೆ ಉಳಿದ ಬಣ್ಣದಲ್ಲಿ ಕೈ ಅದ್ದಿ, ಬೆರಳು ಅಗಲಿಸಿ ಒತ್ತುತ್ತಿದ್ದಳು. ಈ ಸಲ ಒತ್ತುವವರಿರಲಿಲ್ಲ. ಸುಮ್ಮನೆ ಒಂದರ ಮೇಲೆ ತನ್ನ ಕೈ ಹರವಿ ಇಟ್ಟ. ಅಚ್ಚು ಕೆಳಗೆ ಮುಚ್ಚಿಹೋಯಿತು. ಅವನ ಹೆಬ್ಬೆರಳು ಅಚ್ಚಿನಿಂದ ಆಚೆಗೆ, ಕಿರುಬೆರಳು ಈಚೆಗೆ ಚಾಚಿಕೊಂಡವು.

ಅವಳು ಹೇಳಿದ್ದು ಅವಳ ಗೇಣು.

ಬಿದಿರು ಕಡ್ಡಿಯೊಂದನ್ನು ಅಚ್ಚಿನ ಹೆಬ್ಬೆರಳಿನಿಂದ ಕಿರುಬೆರಳಿಗೆ ಹಿಡಿದು ಸರಿಯಾಗಿ ಕತ್ತರಿಸಿದ. ತೇಪೆಯನ್ನಷ್ಟೇ ಉಜ್ಜಿ, ಗನ್ನಿಗೂ ಟ್ಯಾಂಕಿಗೂ ನಡುವೆ ಕಡ್ಡಿ ಹಿಡಿದು ದೂರ ನೋಡಿಕೊಂಡು, ಚಮಕಿ ಗನ್ನಿನ ಡಬ್ಬಿಯ ತಳದಲ್ಲಿ ಕೂರದಂತೆ ಅದನ್ನು ಅಲುಗಿಸುತ್ತ ಹೊಡೆದ. ಆರಿದ ಮೇಲೆ ಬಿಸಿಲಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದ. ತನ್ನ ಕೈ ಎಲ್ಲಿ ಮುಗಿದು ಅವಳದು ಎಲ್ಲಿ ಶುರುವಾಯಿತೆಂದು ತಿಳಿಯಲಿಲ್ಲ.

"ನೋಡೇ ಇಲ್ಲಿ" ಎಂದು ಹಿಂದಕ್ಕೆ ತಿರುಗಿದ. ಕಂಪ್ರೆಸರ್ ಒಂದೇ ಗುರುಗುಡುತ್ತಿತ್ತು.

ಸಂಜೆ ಯತೀಶ ಟ್ಯಾಂಕಿನ ಮೇಲೆ ಕೈಯಾಡಿಸಿ, "ಎಲ್ಲಿ ತಗ್ಗಿತ್ತೋ ನಂಗೇ ತಿಳೀವಲ್ದು!" ಎಂದ. ಟ್ಯಾಂಕ್ ಜೋಡಿಸಿದ ಬೈಕ್ ಜಡೆಯ ಕಡೆಗೆ ಹೋಯಿತು. ಉಜ್ಜಪ್ಪ ಬಾಗಿಲು ಹಾಕಿ ಕಡ್ಡಿಯನ್ನು ಒರೆಸಿ, ಸ್ಕೇಲಿನ ಪಕ್ಕ ಇಟ್ಟು ಅಳೆದ. ಹದಿನೇಳು ಸೆಂಟಿಮೀಟರ್.